ಇನ್ನೂರ ಹನ್ನೊಂದರ ಮುಂದಕ್ಕೆ

ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟದ ಒಂದು ತುದಿ ಸೂಜಿಯಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ನೌಕಾಪಡೆಯ ಅಧಿಕಾರಿಯ ಕೈಯಲ್ಲಿ. ಇಬ್ಬರೂ ಬಿಡಲಿಲ್ಲ. ನಡುವೆ ಅವಳ ಗಂಡ ಪೆಟ್ಟಿಗೆಯೊಳಗೆ ತೆಪ್ಪಗೆ ಮಲಗಿದ್ದ, ಐವತ್ತು ವರ್ಷದಲ್ಲಿ ಮೊದಲ ಸಲ ಕೆಮ್ಮದೆ.

"ಬಿಡಪ್ಪಾ, ಎಳೆದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ," ಅಂದಳು ಅವಳು. "ಅಂಚು ನೋಡು, ಎಷ್ಟು ದೂರ ದೂರ ಹೊಲಿದಿದ್ದಾರೆ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಅಲ್ಲ ಇದು."

ಅಧಿಕಾರಿ ಬಿಟ್ಟ. ಅವನಿಗೆ ಅವಳ ಮೊಮ್ಮಗನ ವಯಸ್ಸು, ಮೀಸೆ ಇನ್ನೂ ಗಟ್ಟಿಯಾಗಿರಲಿಲ್ಲ. ಅವಳು ಬಾವುಟವನ್ನು ಎದೆಗೆ ಒತ್ತಿ, ಮೂಲೆಗೆ ಮೂಲೆ ಕೂಡಿಸಿ ಮಡಚಿದಳು. ಜೀವಮಾನವಿಡೀ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮಡಚಿ ಕೊಟ್ಟ ಕೈ ಅದು. ಹಾಗೇ ಮಡಚಿ, ಗಿರಾಕಿಗೆ ಕೊಟ್ಟಂತೆ ಅವನ ಎರಡೂ ಅಂಗೈ ಮೇಲೆ ಇಟ್ಟಳು.

ಬೆಳಿಗ್ಗೆ ನೌಕಾಪಡೆಯ ಲಾರಿ ಬಂದು ಓಣಿಯ ಬಾಯಲ್ಲಿ ನಿಂತಾಗ ಮನೆಯವರಿಗೆಲ್ಲ ಒಂದು ಥರ ಹೆಮ್ಮೆಯೇ ಆಗಿತ್ತು. ಬಂದರಿನ ಹಿಂದಿನ ಆ ಓಣಿಗೆ ಕೈಗಾಡಿ ಬಿಟ್ಟರೆ ಬೇರೇನೂ ನುಗ್ಗದು. ಬಿಳಿ ಬಟ್ಟೆಯ ಎಂಟು ನಾವಿಕರು ಚರಂಡಿ ದಾಟಿಕೊಂಡು, ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿಕೊಂಡು ಸಾಲಾಗಿ ಬಂದರೆ ನೋಡದವರು ಯಾರು? ಅಕ್ಕಪಕ್ಕದವರು ಕಿಟಕಿಗೆ ಬಂದರು. ಅಧಿಕಾರಿ ಬಾಗಿಲಲ್ಲಿ ನಿಂತು, ಯುದ್ಧದಲ್ಲಿ ಮುಳುಗಿದ ಆ ಹಡಗಿನಿಂದ ಬದುಕುಳಿದವರಲ್ಲಿ ಇವರೇ ಕೊನೆಯವರು, ಅದಕ್ಕೆ ಪೂರ್ಣ ಗೌರವದಿಂದ ಕಳಿಸಿಕೊಡಬೇಕೆಂದು ಮೇಲಿನಿಂದ ಆಜ್ಞೆಯಾಗಿದೆ ಎಂದು ಬಾಯಿಪಾಠ ಒಪ್ಪಿಸಿದ. ಒಳ್ಳೆಯ ಹುಡುಗ, ಪಾಪ. ಆದರೆ ಬದುಕುಳಿದವರು ಎಂಬ ಒಂದು ಮಾತು ಸೂಜಿಯಮ್ಮನ ಕಿವಿಗೆ ಬಿತ್ತು ನೋಡಿ, ಅಲ್ಲಿಗೆ ಮುಗಿಯಿತು. ರಾತ್ರಿಯಿಂದ ಒಂದು ತೊಟ್ಟು ಕಣ್ಣೀರು ಹಾಕದೆ ಕೂತಿದ್ದವಳು ಎದ್ದು ನಿಂತಳು.

"ಬದುಕುಳಿದೋರು ಅಂದ್ರೆ ಯಾರಪ್ಪಾ ನಿಮ್ಮ ಪ್ರಕಾರ?"

"ಹಡಗು ಮುಳುಗಿದ ಮೇಲೆ ನೀರಿಂದ ಜೀವಂತ ಮೇಲೆ ಬಂದೋರು, ಅಮ್ಮಾ."

"ಮೇಲೆ ಬಂದು?"

ಹುಡುಗನಿಗೆ ಅರ್ಥವಾಗಲಿಲ್ಲ.

"ಮೇಲೆ ಬಂದು ಏನಾದ್ರು ಅಂತ ಯಾರಾದ್ರೂ ಕೇಳಿದ್ರಾ? ನೀರಲ್ಲಿ ಇವರು ಕುಡಿದ ಹಡಗಿನ ಎಣ್ಣೆ ಆವತ್ತಿಂದ ಎದೆಯೊಳಗೇ ಇತ್ತು. ಮೊನ್ನೆವರೆಗೂ ಕರ್ರಗೆ ಉಗುಳ್ತಿದ್ರು. ಆ ಹಡಗು ಇವರನ್ನ ಆವತ್ತೇ ಕೊಂದಿದೆ. ಉಸಿರು ನಿಲ್ಲೋಕೆ ಸ್ವಲ್ಪ ತಡ ಆಯ್ತು, ಅಷ್ಟೇ."

ಆಮೇಲೆ ತನಗೆ ಬೇಕಾದ್ದನ್ನು ನೆಟ್ಟಗೆ ಹೇಳಿದಳು. ಸ್ಮಶಾನದ ಬಾಗಿಲಲ್ಲಿ ಆ ಹಡಗಿನ ಸ್ಮಾರಕದ ಕಲ್ಲಿದೆ. ಅದರಲ್ಲಿ ಸತ್ತವರು ಇನ್ನೂರ ಹನ್ನೊಂದು ಎಂದು ಕೆತ್ತಿದ್ದಾರೆ. ಅದು ಇನ್ನೂರ ಹದಿಮೂರು ಆಗಬೇಕು. ಅವಳ ಅಣ್ಣನದೊಂದು, ಗಂಡನದೊಂದು. ಹಾಗೆಂದು ಅಧಿಕಾರಿ ಇಲ್ಲೇ ಮಾತು ಕೊಟ್ಟರೆ ಬಾವುಟ ಹೊದಿಸಲಿ, ಅಂಚನ್ನು ಬೇಕಾದರೆ ತಾನೇ ಮತ್ತೆ ಹೊಲಿದು ಕೊಡುತ್ತಾಳೆ. ಇಲ್ಲದಿದ್ದರೆ ಬಂದ ದಾರಿ ಅಲ್ಲೇ ಇದೆ.

"ಅದು ವಿಚಾರಣಾ ಸಮಿತಿ ಮುಗಿಸಿದ ಲೆಕ್ಕ ಅಮ್ಮಾ. ನನ್ನ ಕೈಲಿಲ್ಲ."

"ಮತ್ತೆ ನಿನ್ನ ಕೈಲಿ ಏನಿದೆ?"

ಅವನು ತನ್ನ ಕೈ ನೋಡಿಕೊಂಡ. ಮಡಚಿದ ಬಾವುಟ ಇತ್ತು.

*

ಆ ಲೆಕ್ಕ ಹೇಗಾಯಿತು ಎಂಬುದನ್ನು ಅವಳಿಗೆ ಹೇಳಿದ್ದು ಗಂಡನೇ. ಆಗ ಅವನಿನ್ನೂ ಅವಳಿಗೆ ಯಾರೂ ಅಲ್ಲ. ಅಣ್ಣನ ಜೊತೆ ಅದೇ ಹಡಗಿನಲ್ಲಿ ಹಗ್ಗ ಎಳೆಯುತ್ತಿದ್ದ ಗೆಳೆಯ ಅಷ್ಟೇ. ಎರವಲು ಅಂಗಿ ಹಾಕಿಕೊಂಡು ಬಂದು, ಅವರ ಮನೆಯ ಹೊಸ್ತಿಲ ಮೇಲೆ ಕೂತು, ಕೆಮ್ಮಿನ ನಡುನಡುವೆ ಹೇಳಿದ. ಅವಳ ತಾಯಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನೀರಿನಿಂದ ಎತ್ತಿದವರನ್ನೆಲ್ಲ ಬಂದರಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಮೈಯೆಲ್ಲ ಕರಿ ಎಣ್ಣೆ. ಯಾರು ಯಾರೆಂದು ಹೆತ್ತವರಿಗೂ ಗೊತ್ತಾಗುತ್ತಿರಲಿಲ್ಲ. ರಾಜಧಾನಿಗೆ ಆಗಿಂದಾಗಲೇ ತಂತಿ ಹೋಗಬೇಕಾಗಿತ್ತು, ಎಷ್ಟು ಜನ ಸತ್ತರು ಅಂತ. ಸತ್ತವರನ್ನು ಎಣಿಸುವುದು ಹೇಗೆ, ಅವರು ನೀರೊಳಗಿದ್ದಾರೆ. ಅದಕ್ಕೆ ಇದ್ದವರನ್ನು ಎಣಿಸಿ ಹಡಗಿನ ಒಟ್ಟು ಜನರಲ್ಲಿ ಕಳೆಯುವುದು. ಸುಲಭ. ಅವರ ಪದ್ಧತಿ ಹೀಗೆ: ಸಾಲಿನ ಮೊದಲನೆಯವನು ಒಂದು ಎಂದು ಕೂಗಬೇಕು, ಪಕ್ಕದವನು ಎರಡು, ಅವನ ಪಕ್ಕದವನು ಮೂರು. ಎದುರಿಗೆ ಅಧಿಕಾರಿ ಹಣೆಗೆ ಕೈಯಿಟ್ಟು ಸೆಲ್ಯೂಟಿನಲ್ಲಿ ನಿಂತಿರುತ್ತಾನೆ. ಕೂಗು ನಿಲ್ಲುವ ತನಕ ಅವನು ಕೈ ಇಳಿಸುವಂತಿಲ್ಲ. ಅವನ ಕೈ ಇಳಿಯುವ ತನಕ ಸಾಲಿನಲ್ಲಿ ಯಾರೂ ಕದಲುವಂತಿಲ್ಲ. ಶಾಂತಿಕಾಲದಲ್ಲಿ ಯಾರೋ ಪುಣ್ಯಾತ್ಮರು ಮಾಡಿದ ನಿಯಮ, ಎಣ್ಣೆ ಕುಡಿದು ನಡುಗುವವರಿಗೂ ಅದೇ.

ಅಣ್ಣ ಈ ಗೆಳೆಯನ ಭುಜಕ್ಕೆ ಒರಗಿ ನಿಂತಿದ್ದ. ಕಾಲಿನಲ್ಲಿ ಬಲವಿಲ್ಲ, ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಕೂಗಿದವನಿಗೆ ಒಂದು ಕಂಬಳಿ ಎಂದು ಮೊದಲೇ ಹೇಳಿದ್ದರು. ಸರದಿ ಬಂತು. ಇವನು ತನ್ನ ಸಂಖ್ಯೆ ಕೂಗಿದ. ಪಕ್ಕದಲ್ಲಿ ಸದ್ದಿಲ್ಲ. ಎದುರಿಗಿದ್ದವನು ಹುಬ್ಬು ಗಂಟಿಕ್ಕಿದ. ಆಗ ಇವನೇ ದನಿ ಬದಲಿಸಿ ಮುಂದಿನ ಸಂಖ್ಯೆಯನ್ನೂ ಕೂಗಿಬಿಟ್ಟ. ಕೂಗು ಸಾಲಿನುದ್ದಕ್ಕೂ ಮುಂದೆ ಸಾಗಿತು. ಅದು ಆ ತುದಿ ಮುಟ್ಟುವ ಮೊದಲೇ ಅಣ್ಣನ ಕತ್ತು ಇವನ ಹೆಗಲ ಮೇಲೆ ಬಿತ್ತು. ಕದಲುವಂತಿರಲಿಲ್ಲ. ಅಧಿಕಾರಿಯ ಕೈ ಇಳಿಯುವ ತನಕ ಇವನು ಹೆಣವನ್ನು ಹೊತ್ತುಕೊಂಡು ನೆಟ್ಟಗೆ ನಿಂತಿದ್ದ.

ಆಮೇಲೆ ಹೋಗಿ ಹೇಳಿದ, ನನ್ನ ಪಕ್ಕದವನು ಸತ್ತ ಅಂತ. ಬರೆದುಕೊಳ್ಳುವವನು ತಲೆ ಕೂಡ ಎತ್ತಲಿಲ್ಲ. ಅವನ ಸಂಖ್ಯೆ ನಮಗೆ ಕೇಳಿಸಿದೆ, ಅವನು ಇದ್ದವರ ಲೆಕ್ಕಕ್ಕೆ ಸೇರಿದ, ಈಗ ಸತ್ತರೆ ಅದು ದಡದ ಮೇಲಿನ ಸಾವು, ಹಡಗಿನದಲ್ಲ ಎಂದ. ತಂತಿ ಆಗಲೇ ಹೋಗಿತ್ತು.

"ಅವನಿಗೂ ಒಂದು ಕಂಬಳಿ ಸಿಗ್ಲಿ ಅಂತ ಕೂಗಿದೆ," ಎಂದು ಹೊಸ್ತಿಲ ಮೇಲೆ ಕೂತವನು ಹೇಳಿದ. ಆಗ ಅವಳಿಗೆ ಹತ್ತೊಂಬತ್ತು. ಕೈಯಲ್ಲಿದ್ದ ಕತ್ತರಿಯನ್ನು ಅವನತ್ತ ಎಸೆದಳು. ಅದು ಬಾಗಿಲ ಚೌಕಟ್ಟಿಗೆ ತಾಗಿ ಬಿತ್ತು. ಅವನು ಅದನ್ನು ಎತ್ತಿ, ಅಂಗಿಯಿಂದ ಒರೆಸಿ, ಹಿಡಿಯನ್ನು ಅವಳ ಕಡೆ ಮಾಡಿ ವಾಪಸು ಕೊಟ್ಟ.

*

ಅಧಿಕಾರಿ ನಾವಿಕರನ್ನು ಕರೆದುಕೊಂಡು ಓಣಿಯ ಬಾಯಿಗೆ ಹೋಗಿ ನಿಂತ. ಪೂರ್ತಿ ಹೋಗಲೂ ಅವನಿಗೆ ಅಪ್ಪಣೆಯಿರಲಿಲ್ಲ ಅಂತ ಕಾಣುತ್ತದೆ. ಮನೆಯೊಳಗೆ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ಹೊಲಿಗೆ ಯಂತ್ರದ ಮೇಲೊಂದು ಬಟ್ಟೆ ಹೊದಿಸಿ ಅದರ ಮೇಲೆ ಲೋಟಗಳನ್ನಿಟ್ಟಿದ್ದರು. ಸತ್ತವನ ಮಾತು ನಡೆದಿತ್ತು.

ಓಣಿಗೆಲ್ಲ ಅವನು ಕೆನ್ನೆ ತಾತ. ಮೂಲೆಯ ಸೈಕಲ್ ರಿಪೇರಿ ಅಂಗಡಿ ಅವನದು. ಪಂಕ್ಚರ್ ಹಾಕುವವರೆಲ್ಲ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದೆಲ್ಲಿ ಅಂತ ನೋಡುತ್ತಾರೆ. ಅವನ ಅಂಗಡಿಯಲ್ಲಿ ಬೋಗುಣಿಯೇ ಇರಲಿಲ್ಲ. ಟ್ಯೂಬಿಗೆ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ನಿಧಾನಕ್ಕೆ ತಿರುಗಿಸುತ್ತಿದ್ದ. ಗಾಳಿ ಎಲ್ಲಿ ಸುಳಿಯಿತೋ ಅಲ್ಲಿ ಸೀಮೆಸುಣ್ಣದ ಗುರುತು. ಇದರಿಂದ ಕೆಲಸ ತಡವಾಗುತ್ತಿತ್ತು, ಒಮ್ಮೊಮ್ಮೆ ಸಣ್ಣ ತೂತು ತಪ್ಪಿಹೋಗಿ ಗಿರಾಕಿ ಮರುದಿನ ಬೈದುಕೊಂಡು ಬರುತ್ತಿದ್ದ. ಟ್ಯೂಬಿಗೆ ಮುತ್ತು ಕೊಡ್ತಾನೆ ಮುದುಕ ಎಂದು ಪಡ್ಡೆಗಳು ನಗುತ್ತಿದ್ದವು. ನೀರಿನೊಳಗಿಂದ ಗುಳ್ಳೆ ಏಳುವುದನ್ನು ಅವನು ಯಾಕೆ ನೋಡಲಾರ ಎಂದು ಒಬ್ಬರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

"ನಮ್ಮಪ್ಪನೂ ಹಾಗೇ, ಒಂದು ಮಾತೂ ಹೇಳ್ಲಿಲ್ಲ," ಅಂದಳು ಬಾಯ್ಲರ್‌ನವನ ಮಗಳು. ಅವಳಪ್ಪ ಅದೇ ಹಡಗಿನ ಕೆಳ ಅಂತಸ್ತಿನಲ್ಲಿ ಬಾಯ್ಲರಿಗೆ ಬೆಂಕಿ ನೋಡಿಕೊಳ್ಳುತ್ತಿದ್ದವನು. ಬೆನ್ನು ಪೂರ್ತಿ ಬೆಂದುಹೋಗಿತ್ತು. ಎರಡು ವರ್ಷ ಬೋರಲು ಮಲಗಿಯೇ ಇದ್ದ, ಹಾಗೇ ಹೋದ. ಅವನೂ ಕಟ್ಟೆಯ ಮೇಲೆ ಸಂಖ್ಯೆ ಕೂಗಿದ್ದ. ಹಾಗಾಗಿ ಅವನೂ ಬದುಕುಳಿದವನೇ.

ಪಕ್ಕದಲ್ಲಿ ಕೂತಿದ್ದ ಮುದುಕಿ ತನ್ನ ಗಂಡನ ಸುದ್ದಿ ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ಅವನು ಬಂದರಿನಲ್ಲಿ ಮುಳುಗು ಹಾಕುವ ಕೆಲಸದವನು. ಹಡಗಿನೊಳಗಿನ ಹೆಣಗಳನ್ನು ಮೇಲೆ ತರಲು ಅವನನ್ನೇ ಇಳಿಸಿದ್ದರು. ಎಲ್ಲ ತಂದು ಮುಗಿಸಿ ಮನೆಗೆ ಬಂದವನು ಮಾತು ನಿಲ್ಲಿಸಿದ. ಆ ಚಳಿಗಾಲದಲ್ಲಿ ಒಂದು ದಿನ ಸೊಂಟಕ್ಕೆ ಸೀಸದ ಪಟ್ಟಿ ಕಟ್ಟಿಕೊಂಡು, ಉಸಿರಿನ ಕೊಳವೆ ಮನೆಯಲ್ಲೇ ಬಿಟ್ಟು, ಕಟ್ಟೆಯಿಂದ ಇಳಿದುಬಿಟ್ಟ. ಅವನು ಹಡಗಿನವನೇ ಅಲ್ಲ, ಅವನನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಸೇರಿಸಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಸೂಜಿಯಮ್ಮನ ಮಗಳು ತಾಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಡುವಯಸ್ಸಿನ ಹೆಂಗಸು, ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸ, ಯಾರ ಜೊತೆಗೂ ಜಗಳ ಬೇಡದವಳು.

"ಇವತ್ತೊಂದು ದಿನ ಬಿಟ್ಬಿಡಮ್ಮಾ."

"ಏನು ಬಿಡ್ಬೇಕು?"

"ಅಪ್ಪನಿಗೆ ಜೀವಮಾನದಲ್ಲಿ ಒಬ್ಬನೂ ಎದ್ದು ನಿಂತು ನಮಸ್ಕಾರ ಅಂದಿಲ್ಲ. ಏಯ್ ಗಾಳಿ ಹೊಡಿ ಅಂತಾನೇ ಕರೀತಿದ್ರು. ಇವತ್ತು ಎಂಟು ಜನ ಬಿಳಿ ಬಟ್ಟೆ ಹಾಕ್ಕೊಂಡು ಬಂದಿದ್ದಾರೆ, ಅವನಿಗೋಸ್ಕರ. ನಿನ್ನ ಸಿಟ್ಟಿಗೆ ಅದನ್ನೂ ಕಿತ್ಕೊಳ್ತೀಯಾ? ಅವನೇ ಇದ್ದಿದ್ರೆ ಬೇಡ ಅಂತಿದ್ನಾ?"

ಸೂಜಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಮಗಳು ತಪ್ಪು ಹೇಳಿದಳೆಂದಲ್ಲ, ಸರಿ ಹೇಳಿದಳೆಂದು. ಅವನು ಬೇಡ ಎನ್ನುವವನಲ್ಲ. ಯಾರಿಗೂ ಬೇಡ ಎನ್ನದೆಯೇ ಜೀವ ಸವೆಸಿದವನು. ಆ ಸಾಧುತನವನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

*

ಒಂದೇ ಒಂದು ಸಲ ಇಬ್ಬರೂ ಕೂಡಿ ನೌಕಾಪಡೆಯ ಕಚೇರಿಗೆ ಹೋಗಿದ್ದರು. ಮದುವೆಯಾದ ಹೊಸತು. ಅವನು ಕತ್ತರಿ ವಾಪಸು ಕೊಟ್ಟ ದಿನದಿಂದ ವಾರವಾರವೂ ಬಂದು, ಅವಳ ತಾಯಿಗೆ ನೀರು ಹೊತ್ತು, ಸೋರುವ ಸೂರು ಸರಿ ಮಾಡಿ, ಮಾತಿಲ್ಲದೆ ಹೋಗುತ್ತಿದ್ದ. ಪ್ರಾಯಶ್ಚಿತ್ತಕ್ಕೆ ಬರೋದಾದ್ರೆ ಬರಬೇಡ, ನನಗೋಸ್ಕರ ಬರೋದಾದ್ರೆ ಬಾಯಿಬಿಟ್ಟು ಹೇಳು ಎಂದು ಅವಳೇ ಗದರಿದ ಮೇಲೆ ಮದುವೆ ಆದದ್ದು.

ಕಚೇರಿಯಲ್ಲಿ ಮೇಜಿನ ಹಿಂದೆ ಕೂತವನಿಗೆ ಅವಳು ಹೇಳಿದಳು, ನನ್ನ ಅಣ್ಣ ಆ ಕಲ್ಲಿನಲ್ಲಿಲ್ಲ ಅಂತ. ಅವನು ಒಳಗೆ ಹೋಗಿ ನೋಡಿಕೊಂಡು ಬಂದು, ಕಟ್ಟೆಯ ಮೇಲೆ ಆ ಸಂಖ್ಯೆಯ ದನಿ ಕೇಳಿಸಿದೆ, ಹಾಗಾಗಿ ಆತ ಬದುಕಿದ್ದ ಎಂದ.

"ಆ ದನಿ ನನ್ನದು ಸ್ವಾಮೀ," ಅಂದ ಗಂಡ.

ಮೇಜಿನ ಹಿಂದಿನವನು ಲೇಖನಿ ಕೆಳಗಿಟ್ಟ. ಹಾಗಾದರೆ ಎಣಿಕೆಯಲ್ಲಿ ಮೋಸ ಮಾಡಿದವನು ನೀನು, ಯುದ್ಧಕಾಲದಲ್ಲಿ ಅದು ಎಂಥ ಅಪರಾಧ ಗೊತ್ತೇನು ಎಂದ. ದೊಡ್ಡ ದನಿಯಲ್ಲೇನೂ ಅಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ. ಗಂಡ ಎದ್ದು, ಕೈಮುಗಿದು, ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ. ಅವಳು ದಾರಿಯುದ್ದಕ್ಕೂ ಬೈದಳು. ಅವರನ್ನು ಬೈದಳು, ಇವನನ್ನು ಬೈದಳು. ಬಾಯಿ ಮುಚ್ಕೊಂಡು ಇರಬೇಕಾದ ಕಡೆ ಕೂಗಿದ್ರಿ, ಕೂಗಬೇಕಾದ ಕಡೆ ಕೈಮುಗಿದ್ರಿ ಎಂದಳು. ಆ ಮಾತು ಅವನಿಗೆ ಎಲ್ಲಿ ನಾಟಿತೋ ನಾಟಿತು.

ಅವತ್ತಿನಿಂದ ಅವನು ಬಾಯಿಬಿಟ್ಟು ಸಂಖ್ಯೆ ಹೇಳಿದ್ದನ್ನು ಯಾರೂ ಕೇಳಲಿಲ್ಲ. ಚಿಲ್ಲರೆ ಕೊಟ್ಟರೆ ತುಟಿ ಅಲ್ಲಾಡಿಸದೆ ಕೊಡುತ್ತಿದ್ದ, ಎಷ್ಟಾಯಿತು ಎಂದು ಗಿರಾಕಿ ಕೇಳಿದರೆ ಬೆರಳು ತೋರಿಸುತ್ತಿದ್ದ. ಮಗಳಿಗೆ ಒಂದು ಎರಡು ಕಲಿಸಿದ್ದು ಸೂಜಿಯಮ್ಮನೇ. ಮಗು ಅಪ್ಪನ ತೊಡೆಯ ಮೇಲೆ ಕೂತು ತೊದಲುತ್ತಾ ಎಣಿಸಿದರೆ ಅವನು ಕೇಳಿಸಿಕೊಂಡು ತಲೆಯಾಡಿಸುತ್ತಿದ್ದ ಅಷ್ಟೇ. ವರ್ಷಕ್ಕೊಮ್ಮೆ ಹಡಗು ಮುಳುಗಿದ ದಿನ ಬಂದಾಗ ಸ್ಮಶಾನದ ಬಾಗಿಲ ಹೊರಗೆ, ರಸ್ತೆಯ ಆಚೆ ಬದಿ, ಸೈಕಲ್ ಹಿಡಿದುಕೊಂಡು ನಿಲ್ಲುತ್ತಿದ್ದ. ಒಳಗೆ ದೊಡ್ಡವರು ಇನ್ನೂರ ಹನ್ನೊಂದು ವೀರರು ಎಂದು ಭಾಷಣ ಮಾಡುತ್ತಿದ್ದರು. ಕೆಮ್ಮು ಬಂದರೆ ಕರವಸ್ತ್ರ ಬಾಯಿಗೆ ತುರುಕಿಕೊಳ್ಳುತ್ತಿದ್ದ, ಭಾಷಣಕ್ಕೆ ತೊಂದರೆಯಾಗಬಾರದಲ್ಲ.

*

ಕೊನೆಗೆ ಹಿತ್ತಲಲ್ಲಿ ಒಪ್ಪಂದವಾಯಿತು. ಸೆಲ್ಯೂಟ್ ಹೊಡೆಯಲಿ, ಹೆಗಲೂ ಕೊಡಲಿ, ಬಾವುಟ ಮಾತ್ರ ಬೇಡ. ಮಗಳೇ ಹೋಗಿ ಅಧಿಕಾರಿಗೆ ಹೇಳಿದಳು. ಅವನ ಮುಖದಲ್ಲಿ ಬದುಕಿದೆಯಾ ಬಡಜೀವವೇ ಎಂಬ ಕಳೆ ಬಂತು.

ನಾವಿಕರು ಪೆಟ್ಟಿಗೆ ಹೊತ್ತರು. ಮೂಲೆಯ ಸೈಕಲ್ ಅಂಗಡಿಯ ಮುಂದೆ ಯಾರೂ ಹೇಳದೆಯೇ ಒಂದು ಗಳಿಗೆ ನಿಂತರು, ಯಾಕೆಂದರೆ ಅಲ್ಲಿ ಓಣಿ ತಿರುಗುತ್ತದೆ, ಪೆಟ್ಟಿಗೆ ಉದ್ದ. ಸೂಜಿಯಮ್ಮ ಅಷ್ಟರಲ್ಲಿ ಅಂಗಡಿಯ ಮುಚ್ಚಿದ ಬಾಗಿಲನ್ನು ಒಮ್ಮೆ ಕೈಯಿಂದ ಮುಟ್ಟಿದಳು. ಮೇಲಿನ ಕೊಕ್ಕೆಗೆ ಯಾರದೋ ಟ್ಯೂಬು ತೂಗುಬಿದ್ದಿತ್ತು, ಅದರ ಮೇಲೆ ಸೀಮೆಸುಣ್ಣದ ಗುರುತು ಹಾಗೇ ಇತ್ತು.

ಸ್ಮಶಾನದ ಬಾಗಿಲಲ್ಲಿ ಆ ಕಲ್ಲು. ಆಳೆತ್ತರ, ನುಣುಪಾಗಿ ಉಜ್ಜಿದ್ದು, ವರ್ಷವರ್ಷ ಬಣ್ಣ ತುಂಬುವುದರಿಂದ ಅಂಕಿ ದೂರಕ್ಕೂ ಕಾಣುತ್ತದೆ. ಅದರ ಪಕ್ಕದಲ್ಲೇ ಪೆಟ್ಟಿಗೆ ಇಳಿಸಿದರು. ಜನ ಸುತ್ತ ನಿಂತರು, ಹಿಂದಿನವರು ಬಾಗಿಲ ಹೊರಗೆ ರಸ್ತೆಯವರೆಗೂ ನಿಂತಿದ್ದರು. ಓಣಿಯೆಲ್ಲ ಬಂದಿತ್ತು. ಆ ಓಣಿಯ ಗಂಡಸರು ಮೂರು ತಲೆಮಾರಿನಿಂದ ಹಡಗಿನಲ್ಲೋ ಕಟ್ಟೆಯಲ್ಲೋ ದುಡಿದವರು.

ನಾವಿಕರು ಪೆಟ್ಟಿಗೆಯ ಎದುರು ಸಾಲಾಗಿ ನಿಂತರು. ಅಧಿಕಾರಿ ಮುಂದೆ ಬಂದು ಎದೆ ಸೆಟೆಸಿ ಹಣೆಗೆ ಕೈಯಿಟ್ಟ. ಗೌರವ ಕೊಡುವ ಮುಂಚೆ ಸಾಲು ಎಣಿಸಬೇಕು, ಇಂದಿಗೂ ಅದೇ ಪದ್ಧತಿ.

"ಒಂದು!"

ಇದನ್ನು ಸೂಜಿಯಮ್ಮ ಒಮ್ಮೆ ಕೇಳಿದ್ದಳು, ಹೊಸ್ತಿಲ ಮೇಲೆ, ಗಂಡನ ಬಾಯಿಂದ, ಕೆಮ್ಮಿನ ನಡುವೆ, ಕಥೆಯಾಗಿ. ಕಣ್ಣಾರೆ ಕಂಡಿರಲಿಲ್ಲ. ಎರಡು, ಮೂರು. ದನಿ ಸಾಲಿನುದ್ದಕ್ಕೂ ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತಾ ಹೋಯಿತು. ಯಾರೂ ಕದಲಲಿಲ್ಲ. ಹೀಗೇ ಅಲ್ಲವೇ, ಹೀಗೇ ನಿಂತುಕೊಂಡು ತಾನೇ ನನ್ನ ಅಣ್ಣನನ್ನು ಇವರು ದಾಟಿಕೊಂಡು ಹೋದದ್ದು.

"ಎಂಟು!"

ಅಧಿಕಾರಿಯ ಮೊಣಕೈ ಇನ್ನೇನು ಸಡಿಲಬೇಕು.

"ಇಳಿಸ್ಬೇಡ," ಅಂದಳು ಸೂಜಿಯಮ್ಮ. "ಇನ್ನೂ ಮುಗಿದಿಲ್ಲ."

ಅವಳು ಕಲ್ಲಿನ ಪಕ್ಕಕ್ಕೆ ಹೋಗಿ, ಕೆತ್ತಿದ ಅಂಕಿಯ ಮೇಲೆ ಅಂಗೈ ಇಟ್ಟು, ಸಾಲಿನಲ್ಲಿ ನಿಂತವರಂತೆಯೇ ನೆಟ್ಟಗೆ ನಿಂತಳು.

"ಇನ್ನೂರ ಹನ್ನೆರಡು!"

ಮುದುಕಿಯ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರಬಹುದೆಂದು ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಕಾಗೆಗಳು ಹಾರಿಹೋದವು. ಅದು ಅಣ್ಣನದು. ಮುಂದಿನದು ಗಂಡನದು. ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಬರೀ ಉಸಿರು ಬಂತು. ಅಧಿಕಾರಿ ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದ. ಇನ್ನು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಅವನು ಕೈ ಇಳಿಸುತ್ತಾನೆ, ಎಣಿಕೆ ಅಲ್ಲಿಗೆ ಮುಗಿದ ಹಾಗೆ.

ಒಂದು ಹೆಗಲು ಬಂದು ಅವಳ ಹೆಗಲಿಗೆ ಒತ್ತಿ ನಿಂತಿತು. ಮಗಳು. ಬಸ್ಸಿನ ಹಿಂಬಾಗಿಲವರೆಗೂ ಕೇಳಿಸಿ ಅಭ್ಯಾಸವಾಗಿದ್ದ ದನಿ ಅದು.

"ಇನ್ನೂರ ಹದಿಮೂರು!"

ಎಲ್ಲೋ ಒಂದು ಮಗು ಅತ್ತಿತು, ಯಾರೋ ಶ್ ಅಂದರು. ಮುಳುಗು ಹಾಕುವವನ ಹೆಂಡತಿ ಕೋಲೂರಿಕೊಂಡು ಎರಡು ಹೆಜ್ಜೆ ಮುಂದೆ ಬಂದು ಮಗಳ ಪಕ್ಕದಲ್ಲಿ ನಿಂತಳು. ಅವಳು ಕೂಗಲಿಲ್ಲ, ಮಾಮೂಲು ದನಿಯಲ್ಲೇ ಹೇಳಿದಳು. ಆದರೂ ಎಲ್ಲರಿಗೂ ಕೇಳಿಸಿತು.

"ಇನ್ನೂರ ಹದಿನಾಲ್ಕು."

"ಇನ್ನೂರ ಹದಿನೈದು!" ಅಂದಳು ಬಾಯ್ಲರ್‌ನವನ ಮಗಳು, ನಿಂತಲ್ಲಿಂದಲೇ.

ಆಮೇಲೆ ಹಿಂದಿನಿಂದ ಒಂದು ಗಂಡು ದನಿ. ಅದರ ಹಿಂದೆ ಇನ್ನೊಂದು, ಬಾಗಿಲ ಆಚೆಯಿಂದ. ಯಾರ ಅಪ್ಪನೋ, ಯಾರ ತಮ್ಮನೋ, ಆಸ್ಪತ್ರೆಯಲ್ಲಿ ಹೋದವರೋ, ಮನೆಯ ತೊಲೆಗೆ ಹಗ್ಗ ಬಿಗಿದುಕೊಂಡವರೋ, ಸೂಜಿಯಮ್ಮನಿಗೂ ಎಲ್ಲರೂ ಗೊತ್ತಿರಲಿಲ್ಲ. ಎಣಿಕೆ ರಸ್ತೆ ದಾಟಿ, ಅವಳ ಗಂಡ ವರ್ಷವರ್ಷ ಸೈಕಲ್ ಹಿಡಿದುಕೊಂಡು ನಿಲ್ಲುತ್ತಿದ್ದ ಆಚೆ ಬದಿಗೂ ಹೋಯಿತು. ಅಧಿಕಾರಿಯ ಕೈ ಇನ್ನೂ ಹಣೆಯ ಮೇಲೇ ಇತ್ತು. ಬೆವರು ತೋಳಿನೊಳಗೆ ಇಳಿದು ಬಿಳಿ ಅಂಗಿ ಮೈಗೆ ಅಂಟಿತ್ತು. ಓಣಿಯ ಕಡೆಯಿಂದ ಇನ್ನೂ ದನಿಗಳು ಬರುತ್ತಿದ್ದವು, ಕೈ ಇಳಿಸುವಂತಿರಲಿಲ್ಲ.